ಹಳೇ ನಾಣ್ಯದ ಹವ್ಯಾಸ ಅಂಗಡಿಯಾದೀತೇ?

ಪ್ರಶ್ನೆ: ನಾನು ಬಸವೇಶ್ವರನಗರದವನು. ಮಾಗಡಿ ರಸ್ತೆಯ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ತಾತ ಬಿಟ್ಟುಹೋದ ಹಿತ್ತಾಳೆ ಡಬ್ಬಿಯಲ್ಲಿ ಆನೆ ಚಿತ್ರದ ತಾಮ್ರದ ಕಾಸುಗಳು, ಎರಡು ಕಂಠೀರಾಯ ಹಣ, ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳು ಇದ್ದವು. ಅಲ್ಲಿಂದ ಹಿಡಿದ ಹುಚ್ಚು ಇದು. ಆಮೇಲೆ ನಾನೇ ಕೊಂಡು ಸೇರಿಸಿದ್ದೂ ಸಾಕಷ್ಟಿದೆ. ಈಗ ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಸಣ್ಣದೊಂದು ಮಳಿಗೆ ಹಿಡಿದು, ಮೊಬೈಲಿನಲ್ಲೂ ಆರ್ಡರ್ ತೆಗೆದುಕೊಂಡು ಹಳೇ ನಾಣ್ಯ ಮಾರಬೇಕೆಂದಿದ್ದೇನೆ. ಮನೆಯವರು ಬೇಡ ಅನ್ನುತ್ತಿದ್ದಾರೆ. ಇದರಿಂದ ಹೊಟ್ಟೆ ತುಂಬುತ್ತದೆಯೇ? ಎಲ್ಲಿಂದ ಶುರು ಮಾಡಲಿ?

— ಓದುಗರು, ಬಸವೇಶ್ವರನಗರ

ಉತ್ತರ: ಆಗುತ್ತದೆ. ಬೆಂಗಳೂರಿನಲ್ಲಿ ಇದೇ ವ್ಯಾಪಾರದಿಂದ ಸಂಸಾರ ನಡೆಸುತ್ತಿರುವವರಿದ್ದಾರೆ. ಆದರೆ ಮಳಿಗೆ ಹಿಡಿಯುವುದು ಮೊದಲ ಕೆಲಸವಲ್ಲ, ಈಗಿರುವ ನೌಕರಿ ಬಿಡುವ ಮಾತಂತೂ ಸದ್ಯಕ್ಕೆ ಬೇಡವೇ ಬೇಡ. ನಿಮ್ಮ ತಾತನ ಡಬ್ಬಿಯಲ್ಲಿದ್ದ ಮೂರೂ ಬಗೆಯ ನಾಣ್ಯಗಳನ್ನು ವ್ಯಾಪಾರವಾಗಿ ಮಾರಲು ಲೈಸೆನ್ಸ್ ಬೇಕು. ಇದು ಗೊತ್ತಿಲ್ಲದೆ ಶುರು ಮಾಡಿ ತೊಂದರೆಗೆ ಸಿಕ್ಕಿಕೊಳ್ಳುವವರೇ ಹೆಚ್ಚು. ಅದಕ್ಕೇ ಕಾನೂನಿನ ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ.

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ನೂರು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಹಳೆಯ ನಾಣ್ಯ ಅದರ ಪ್ರಕಾರ ಪುರಾವಸ್ತು. ಚೋಳರ ಕಾಲದ್ದೇ ಆಗಬೇಕೆಂದಿಲ್ಲ. 1919ರ ಐದನೇ ಜಾರ್ಜ್ ರೂಪಾಯಿ 2019ರಲ್ಲೇ ಪುರಾವಸ್ತುಗಳ ಸಾಲಿಗೆ ಸೇರಿಹೋಯಿತು. ಈ ಗೆರೆ ಪ್ರತಿ ವರ್ಷ ಒಂದೊಂದು ವರ್ಷ ಮುಂದಕ್ಕೆ ಸರಿಯುತ್ತದೆ, ಹೋದ ವರ್ಷ ಮಾರಬಹುದಾಗಿದ್ದ ನಾಣ್ಯಕ್ಕೆ ಈ ವರ್ಷ ಲೈಸೆನ್ಸ್ ಬೇಕಾಗಬಹುದು. ಸಂಗ್ರಹವಾಗಿ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಮಾರುವ ವ್ಯಾಪಾರಕ್ಕೆ ಇಳಿದರೆ, ಅದು ಅಂಗಡಿಯಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ, ಕಾಯ್ದೆಯ 5ನೇ ಸೆಕ್ಷನ್ ನಿಮಗೆ ಅನ್ವಯಿಸುತ್ತದೆ. ಲೈಸೆನ್ಸ್ ಇಲ್ಲದೆ ಮಾರಿದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು, ಮಾಲೂ ಮುಟ್ಟುಗೋಲಾಗಬಹುದು.

ಲೈಸೆನ್ಸ್ ವಿಚಾರಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಬೆಂಗಳೂರು ವಲಯ ಕಚೇರಿಗೆ ಹೋಗಿ. ಅದು ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಅರ್ಜಿ ನೋಡುವಾಗ ಅಧಿಕಾರಿ ಏನೇನು ಗಮನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ: ಈ ವ್ಯಾಪಾರದಲ್ಲಿ ನಿಮಗಿರುವ ಅನುಭವ, ನೀವು ಅಂಗಡಿ ಇಡುವ ಊರು, ಆ ಊರಿನಲ್ಲಿ ಈಗಾಗಲೇ ಎಷ್ಟು ಜನ ಪುರಾವಸ್ತು ಮಾರುತ್ತಿದ್ದಾರೆ ಎಂಬುದು. ಲೈಸೆನ್ಸ್ ಸಿಕ್ಕ ಮೇಲೆ ದಾಖಲೆ, ಫೋಟೋ, ರಿಜಿಸ್ಟರ್ ಇಡಬೇಕು. ಲೆಕ್ಕಪತ್ರದ ಕೆಲಸದಲ್ಲಿರುವ ನಿಮಗೆ ಇದು ಹೊರೆಯಾಗದು. ನಾಣ್ಯದ ವ್ಯಾಪಾರದಲ್ಲಿ ಸೋತವರಲ್ಲಿ ಹೆಚ್ಚಿನವರಿಗೆ ನಾಣ್ಯ ಚೆನ್ನಾಗಿಯೇ ಗೊತ್ತಿರುತ್ತದೆ, ಪುಸ್ತಕ ಬರೆದಿಡುವ ಅಭ್ಯಾಸ ಮಾತ್ರ ಇರುವುದಿಲ್ಲ. ನಿಮ್ಮ ವಿಷಯದಲ್ಲಿ ನನಗೆ ಭರವಸೆ ಮೂಡಿದ್ದೇ ಈ ಕಾರಣಕ್ಕೆ.

ಇನ್ನೆರಡು ಮಾತು. ಪುರಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತೆಯೇ ಇಲ್ಲ. ಅಮೆರಿಕದಲ್ಲಿರುವ ಸೋದರಮಾವನ ಮಗ ಕೇಳಿದನೆಂದು ಒಂದು ಆನೆ ಕಾಸನ್ನು ಕೊರಿಯರ್ ಮಾಡಿದರೂ ಅದು ಅಪರಾಧ. ಇನ್ನು ನೆಲದಡಿ ಸಿಕ್ಕ ನಾಣ್ಯ. ಅದಕ್ಕೆ 1878ರ ನಿಧಿ ಕಾಯ್ದೆ ಇದೆ, ನಮ್ಮ ರಾಜ್ಯದ್ದೇ 1962ರ ಕಾಯ್ದೆಯೂ ಇದೆ. ಸಿಕ್ಕವರು ಸರ್ಕಾರಕ್ಕೆ ತಿಳಿಸಲೇಬೇಕು. ಕೆಂಗೇರಿಯಿಂದಾಚೆ ಹೊಸ ಬಡಾವಣೆಗಳಿಗೆ ದಿನವೂ ಪಾಯ ತೋಡುತ್ತಿದ್ದಾರೆ. ‘ಸಾರ್, ಜೆಸಿಬಿಗೆ ಒಂದು ಮಡಕೆ ಸಿಕ್ತು’ ಎಂದು ನಿಮ್ಮ ಅಂಗಡಿಗೆ ಯಾರಾದರೂ ಬಂದರೆ ಕೊಳ್ಳಬೇಡಿ. ಎಷ್ಟೇ ಅಗ್ಗವಾಗಿದ್ದರೂ, ಎಂಥ ಅಪರೂಪದ್ದೇ ಆಗಿದ್ದರೂ ಬೇಡ.

ಹಾಗೆ ಮಡಕೆ ಸಿಗುವುದು ಕಟ್ಟುಕತೆಯೇನಲ್ಲ. ರಾಜಾಜಿನಗರದ ಮಗ್ಗುಲಲ್ಲೇ ಇರುವ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಅವರ ಕಾಲದ ದಿನಾರಿಗಳು, ಅಂದರೆ ಎರಡು ಸಾವಿರ ವರ್ಷದ ಹಿಂದಿನವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೂ 256 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಇದೇ ರೋಮನ್ ನಾಣ್ಯಗಳು ಶಾತವಾಹನರ ಸೀಸದ ನಾಣ್ಯಗಳ ಜೊತೆಗೆ ಹೊರಬಂದವು. ಕರಾವಳಿಯಿಂದ ಇಷ್ಟು ದೂರದ ಈ ಬಯಲಿಗೆ ರೋಮಿನ ಬೆಳ್ಳಿ ಬಂದು ಸೇರಿತ್ತು ಎನ್ನುವುದನ್ನು ಇವತ್ತು ನಾವು ಹೇಳಬಲ್ಲೆವು, ಏಕೆಂದರೆ ಎಲ್ಲಿ, ಯಾವಾಗ, ಎಷ್ಟು ಸಿಕ್ಕವು ಎಂದು ಯಾರೋ ಬರೆದಿಟ್ಟರು. ಆ 163 ನಾಣ್ಯಗಳು ಕೂಲಿಯವರಿಂದ ಗಿರವಿ ಅಂಗಡಿಗೆ, ಅಲ್ಲಿಂದ ಕುಲುಮೆಗೆ ಹೋಗಿದ್ದರೆ ಬೆಂಗಳೂರಿನ ಚರಿತ್ರೆಯ ಒಂದು ಪುಟವೇ ಇರುತ್ತಿರಲಿಲ್ಲ. ಮಡಕೆಯ ಮಾತನ್ನು ಇಷ್ಟು ಒತ್ತಿ ಹೇಳಿದ್ದು ಜೈಲಿನ ಭಯ ಹುಟ್ಟಿಸಲು ಮಾತ್ರವಲ್ಲ. ಸಿಕ್ಕ ಜಾಗದ ಗುರುತು ಕಳೆದುಕೊಂಡ ನಾಣ್ಯದಿಂದ ಚರಿತ್ರೆಗೆ ಸಿಗುವುದು ಬಹಳ ಕಡಿಮೆ.

ಸರಿ, ಲೈಸೆನ್ಸ್ ಬರುವವರೆಗೆ ಕೈಕಟ್ಟಿ ಕೂರಬೇಕೇ? ಬೇಡ. ನೂರು ವರ್ಷದ ಗೆರೆಯ ಈಚೆಗೂ ಒಳ್ಳೆಯ ವ್ಯಾಪಾರವಿದೆ. ಆರನೇ ಜಾರ್ಜ್ ಹೆಸರಿನ ರೂಪಾಯಿಗಳು 1938ರಿಂದ ಶುರು. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು, 1947ರ ಹೊತ್ತಿಗೆ ನಿಕಲ್ ಬಂತು. ಯುದ್ಧಕಾಲದ ಹಣಕಾಸಿನ ಕತೆಯೆಲ್ಲ ಈ ಒಂದೇ ಸಾಲಿನಲ್ಲಿದೆ. 1939ರ ರೂಪಾಯಿ ಅಪರೂಪದ್ದು, ಅದಕ್ಕೇ ನಕಲಿಯೂ ಧಾರಾಳ. ಸ್ವತಂತ್ರ ಭಾರತದ ಅಣೆ, ಪೈಸೆ, 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗಿನ ನಯಾ ಪೈಸೆ, 1964ರ ನೆಹರೂ ನಾಣ್ಯದಿಂದ ಆರಂಭವಾದ ಸ್ಮಾರಕ ನಾಣ್ಯಗಳು, ಹಳೇ ನೋಟುಗಳು ಇವೆಲ್ಲಕ್ಕೂ ಗಿರಾಕಿ ಇದ್ದಾರೆ. 2006ರ ಮಹಾತ್ಮ ಬಸವೇಶ್ವರರ 5 ರೂಪಾಯಿ ನಾಣ್ಯವನ್ನು ನಿಮ್ಮ ಬಡಾವಣೆಯ ಶಾಲಾ ಮಕ್ಕಳ ಕೈಗೆ ಕೊಟ್ಟು ನೋಡಿ, ಎಷ್ಟು ಹೊತ್ತು ಮಾತಾಡುತ್ತಾರೆಂದು ತಿಳಿಯುತ್ತದೆ. ಇದರ ಜೊತೆಗೆ ಆಲ್ಬಮ್, ಹೋಲ್ಡರ್, ಸಿಲಿಕಾ ಜೆಲ್ ಪೊಟ್ಟಣ, ಭೂತಗನ್ನಡಿ, ಸಣ್ಣ ತಕ್ಕಡಿಗಳನ್ನೂ ಇಡಿ. ಇವುಗಳಲ್ಲಿ ಲಾಭದ ಅಂಚು ಸಣ್ಣದಾದರೂ ಗಿರಾಕಿ ಮತ್ತೆ ಮತ್ತೆ ಬರುತ್ತಾನೆ. ನಾಣ್ಯ ಮಾರಾಟವಾಗದ ತಿಂಗಳಿನಲ್ಲಿ ಕರೆಂಟ್ ಬಿಲ್ ಕಟ್ಟುವುದು ಈ ಸಾಮಾನುಗಳೇ.

ನೋಟಿನ ವಿಷಯದಲ್ಲಿ ಒಂದು ಎಚ್ಚರ. 2016ರಲ್ಲಿ ರದ್ದಾದ 500, 1000ದ ನೋಟುಗಳನ್ನು ಸಂಗ್ರಹ, ಅಧ್ಯಯನಕ್ಕಾಗಿ ಇಟ್ಟುಕೊಳ್ಳುವವರಿಗೂ 2017ರ ಕಾಯ್ದೆ 25 ನೋಟುಗಳ ಮಿತಿ ಹಾಕಿದೆ. ಮಾಮೂಲಿ ಜನರಿಗೆ ಹತ್ತೇ.

ಈಗ ನಿಮ್ಮ ಡಬ್ಬಿಗೆ ಬರೋಣ. ವ್ಯಾಪಾರಕ್ಕೆ ಬೇಕಾದ ವಿದ್ಯೆ ಅದರಲ್ಲೇ ಇದೆ.

ಆನೆ ಕಾಸೊಂದನ್ನು ಬಿಸಿಲಿನ ಬೆಳಕಿಗೆ ಹಿಡಿದು ನೋಡಿ. ಟಿಪ್ಪುವಿನ ಪೈಸೆಯಾದರೆ ಸುಮಾರು ಹನ್ನೊಂದು ಗ್ರಾಂ ತೂಗುತ್ತದೆ. ಒಂದು ಕಡೆ ಆನೆ, ಎಡಕ್ಕೋ ಬಲಕ್ಕೋ ಮುಖ ಮಾಡಿದ್ದು, ಕೆಲವದರಲ್ಲಿ ಬೆನ್ನ ಮೇಲೆ ಬಾವುಟ. ಆನೆಯ ಮೇಲುಗಡೆ ಪರ್ಷಿಯನ್ ಅಂಕಿಗಳಲ್ಲಿ ವರ್ಷ. ಮೊದಮೊದಲ ಕಾಸುಗಳಲ್ಲಿ ಹಿಜರಿ ವರ್ಷ, ಎಡದಿಂದ ಬಲಕ್ಕೆ ಓದುವ ಮಾಮೂಲಿ ಕ್ರಮ. ಆಮೇಲೆ ಟಿಪ್ಪು ಮೌಲೂದಿ ಎಂಬ ಹೊಸ ಶಕೆ ತಂದ. 1787ರ ಸುಮಾರಿಗೆ 1215ನೇ ವರ್ಷದಿಂದ ಅದು ನಾಣ್ಯದ ಮೇಲೆ ಕಾಣಿಸುತ್ತದೆ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಗಿದೆ. ನೀವು ಎಡದಿಂದ ಓದಿದರೆ 8121 ಎಂದು ಕಂಡೀತು, ಅದು 1218. ಕೊನೆಯ ವರ್ಷಗಳಲ್ಲಿ ಅಂಕಿಯ ಜೊತೆಗೆ ಅಲಿಫ್, ಬೇ, ತೇ, ಸೇ ಅಕ್ಷರಗಳೂ ಬರುತ್ತವೆ, 1224ರಿಂದ 1227ರವರೆಗೆ ವರ್ಷಕ್ಕೊಂದರಂತೆ. 1227ಕ್ಕೆ ಎಲ್ಲವೂ ನಿಲ್ಲುತ್ತದೆ, ಅದು ಶ್ರೀರಂಗಪಟ್ಟಣ ಬಿದ್ದ 1799.

ಇನ್ನೊಂದು ಕಡೆ ತಿರುಗಿಸಿ. ಅಲ್ಲಿ ಟಂಕಸಾಲೆಯ ಹೆಸರಿದೆ. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು. ಇವೆರಡು ಹೇರಳವಾಗಿ ಸಿಗುತ್ತವೆ. ನಮ್ಮ ಬೆಂಗಳೂರಿನ ಟಂಕಸಾಲೆಯದ್ದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಚಿತ್ರದುರ್ಗ, ಗುತ್ತಿ ಮುಂತಾದ ಊರುಗಳಿಗೆ ಟಿಪ್ಪು ಹೊಸ ಹೆಸರಿಟ್ಟಿದ್ದರಿಂದ ಅವುಗಳನ್ನು ಗುರುತಿಸಲು ಪುಸ್ತಕ ಬೇಕು. ನಂತರದ ಕಾಸುಗಳಲ್ಲಿ ನಾಣ್ಯದ ಹೆಸರೇ ಬರೆದಿದೆ: ಪೈಸೆಗೆ ಜೊಹ್ರಾ, ಅಂದರೆ ಶುಕ್ರ, ಅರ್ಧ ಪೈಸೆಗೆ ಬಹರಾಮ್, ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್, ನಕ್ಷತ್ರ. ಸಾಮಾನ್ಯ ಜನರ ತರಕಾರಿ ದುಡ್ಡಿಗೆ ಆಕಾಶದ ಹೆಸರುಗಳನ್ನಿಟ್ಟ ಆಡಳಿತ ಅದು.

ಈಗ ವ್ಯಾಪಾರದ ಮಾತು. ಟಿಪ್ಪುವಿನ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಆನೆ ಕಾಸು ಅಚ್ಚಾಯಿತು. ಅದರಲ್ಲಿ ಆನೆಯ ಮೇಲೆ ಸೂರ್ಯ ಚಂದ್ರರಿದ್ದಾರೆ, ಕನ್ನಡದಲ್ಲಿ ‘ಶ್ರೀ’ ಇದೆ, ಮುಂದೆ ‘ಚಾಮುಂಡಿ’ಯೂ ಬರುತ್ತದೆ. ಆಮೇಲೆ ಆನೆಯ ಜಾಗಕ್ಕೆ ಸಿಂಹ ಬಂತು. ‘ಮಯಿಲಿ ಕಾಸು’ ಎಂದು ಕನ್ನಡದಲ್ಲೂ, ಎಷ್ಟು ಕಾಸಿನದೆಂದು ಇಂಗ್ಲಿಷಿನಲ್ಲೂ ಬರೆದ ನಾಣ್ಯಗಳು ಬಂದವು. ಈ ಟಂಕಸಾಲೆ 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು. ಒಡೆಯರ ಕಾಸನ್ನು ಟಿಪ್ಪುವಿನದೆಂದು ಹೇಳಿ ಮಾರುವವರು ಬೇಕಾದಷ್ಟಿದ್ದಾರೆ, ಎಷ್ಟೋ ಸಲ ತಿಳಿಯದೆಯೇ ಹಾಗೆ ಮಾಡುತ್ತಾರೆ. ಸೂರ್ಯ ಚಂದ್ರರನ್ನು ತೋರಿಸಿ ‘ಇದು ಒಡೆಯರದು’ ಎಂದು ಗಿರಾಕಿಗೆ ಹೇಳಬಲ್ಲ ಅಂಗಡಿಯವನ ಹತ್ತಿರ ಆ ಗಿರಾಕಿ ಮತ್ತೆ ಬರುತ್ತಾನೆ. ಹೋಲ್ಡರಿನ ಮೇಲೆ ‘ಟಿಪ್ಪು ಕಾಯಿನ್, ತುಂಬಾ ಹಳೇದು’ ಎಂದು ಬರೆದರೆ ಸಿಗುವ ಬೆಲೆಯೇ ಬೇರೆ. ಟಂಕಸಾಲೆ, ವರ್ಷ, ತೂಕ, ಹೆಂಡರ್ಸನ್ ಪುಸ್ತಕದ (ಅದರ ವಿಷಯ ಮುಂದೆ ಹೇಳುತ್ತೇನೆ) ನಂಬರು ಬರೆದರೆ ಸಿಗುವ ಬೆಲೆಯೇ ಬೇರೆ. ನಿಮ್ಮ ಸಂಪಾದನೆ ಹುಟ್ಟುವುದು ಈ ಎರಡು ಚೀಟಿಗಳ ನಡುವಿನ ಅಂತರದಲ್ಲಿ.

ಕಂಠೀರಾಯ ಹಣವನ್ನು ನೀವು ಉಗುರಿನ ಮೇಲೆ ಇಟ್ಟು ನೋಡಿರಬೇಕು. ಒಂದು ಗ್ರಾಮಿನ ಮೂರನೇ ಒಂದು ಭಾಗದಷ್ಟು ಚಿನ್ನ. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ನಾಗರಿಯಲ್ಲಿ ರಾಜನ ಹೆಸರು. ಮೈಸೂರು ಒಡೆಯರಲ್ಲಿ ಮೊದಲು ನಾಣ್ಯ ಅಚ್ಚು ಹಾಕಿಸಿದ ಕಂಠೀರವ ನರಸರಾಜರದ್ದು, 1638ರಿಂದ 1659ರ ಆಳ್ವಿಕೆಯದ್ದು. ಹತ್ತು ಹಣ ಸೇರಿದರೆ ಒಂದು ಕಂಠೀರಾಯ ವರಹ ಎಂದು ಲೆಕ್ಕ. ಆ ವರಹ ಲೆಕ್ಕದ ಪುಸ್ತಕದಲ್ಲಿತ್ತೇ ಹೊರತು ಟಂಕಸಾಲೆಯಲ್ಲಿ ಅಚ್ಚಾಗಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಈ ಹಣ ಮತ್ತೆ ಅಚ್ಚಾಯಿತು, ಅದಕ್ಕೆ ಗಿಡ್ಡ ಕಂಠೀರಾಯ ಎನ್ನುತ್ತಾರೆ. ನಿಮ್ಮ ಎರಡು ಹಣಗಳಲ್ಲಿ ಯಾವುದು ಯಾವುದೆಂದು ಹೇಳಲು ಬರುತ್ತದೆಯೇ? ಬರದಿದ್ದರೆ ಮಾರುವ ಮಾತು ಇನ್ನೂ ದೂರವಿದೆ. ಇಷ್ಟು ಸಣ್ಣ ಚಿನ್ನದ ನಾಣ್ಯಗಳ ನಕಲಿ ತೆಗೆಯುವುದು ಚಿನಿವಾರರಿಗೆ ಕಷ್ಟವಲ್ಲ. ಬರೀ ಚಿನ್ನದ ಪರೀಕ್ಷೆಯಿಂದ ಅದು ಗೊತ್ತಾಗುವುದೂ ಇಲ್ಲ, ಏಕೆಂದರೆ ನಕಲಿಯೂ ಚಿನ್ನದ್ದೇ ಇರಬಹುದು. ಅಚ್ಚಿನ ಗೆರೆಗಳನ್ನು ಗುರುತಿಸಲು ಪಳಗಿದ ಕಣ್ಣೇ ಬೇಕು.

ಕಣ್ಣು ಪಳಗುವುದು ಅಸಲಿಯನ್ನು ನೋಡಿ ನೋಡಿಯೇ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ. ನೋಟಿನ ಮೇಲೆ ಮನಸ್ಸಿದ್ದರೆ ಬ್ರಂಟನ್ ರಸ್ತೆಯಲ್ಲಿ ರೆಜ್ವಾನ್ ರಜಾಕ್ ಅವರು 2020ರಲ್ಲಿ ತೆರೆದ ಭಾರತೀಯ ಕಾಗದದ ಹಣದ ಸಂಗ್ರಹಾಲಯವಿದೆ. ಒಬ್ಬ ಹವ್ಯಾಸಿ ಹಿಡಿದ ಕೆಲಸವನ್ನು ಎಲ್ಲಿಯವರೆಗೆ ಕೊಂಡೊಯ್ಯಬಹುದು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ಈ ಊರಲ್ಲಿಲ್ಲ. ಪುಸ್ತಕಗಳಲ್ಲಿ ಎ.ವಿ. ನರಸಿಂಹಮೂರ್ತಿಯವರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ (1975), ಕೆ. ಗಣೇಶ್ ಮತ್ತು ಗಿರಿಜಾಪತಿ ಅವರು ವಿಜಯನಗರದ ನಾಣ್ಯಗಳ ಮೇಲೆ ಬರೆದ ಪುಸ್ತಕ (1997), ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳಿಗೆ ಜೆ.ಆರ್. ಹೆಂಡರ್ಸನ್ 1921ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ ಪುಸ್ತಕ ಈ ಮೂರು ನಿಮ್ಮ ಕೈಯಳತೆಯಲ್ಲಿರಬೇಕು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ಕೂತು ಓದುವ ಅಭ್ಯಾಸವನ್ನೂ ಬೆಳೆಸಿಕೊಳ್ಳಿ.

ಹೊಯ್ಸಳರ ಗದ್ಯಾಣದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಹಳಗನ್ನಡ ಲಿಪಿಯಲ್ಲಿ ಬರೆದಿರುವುದನ್ನು ಮೊದಲ ಸಲ ನೀವೇ ಓದಿದ ದಿನ ನಿಮಗೆ ಈ ಕೆಲಸದ ರುಚಿ ಹತ್ತುತ್ತದೆ. ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿಯನ್ನು ಚಿನ್ನದ ಮೇಲೆ ಅಚ್ಚೊತ್ತಿಸಿ ಪೇಟೆಗೆ ಬಿಟ್ಟ. ಕೆಳದಿ ನಾಯಕರ ವರಹದ ಮೇಲಿನ ಶಿವ ಪಾರ್ವತಿಯರನ್ನು ಹೈದರಾಲಿ ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರ ಮಾತ್ರ ಹಾಕಿದ. ಜನ ನಂಬಿದ್ದ ಅಚ್ಚನ್ನು ಬದಲಿಸಿದರೆ ವ್ಯಾಪಾರ ಕೆಡುತ್ತದೆಂದು ಅವನಿಗೆ ಗೊತ್ತಿತ್ತು. ಇಂಥ ಕತೆಗಳನ್ನು ನೀವು ಕನ್ನಡದಲ್ಲಿ ಚೆನ್ನಾಗಿ ಹೇಳಬಲ್ಲಿರಾದರೆ ಅದೂ ನಿಮ್ಮ ಬಂಡವಾಳವೇ. ಈಗ ಮಾರುಕಟ್ಟೆಯಲ್ಲಿರುವ ಕ್ಯಾಟಲಾಗುಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಚೀಟಿ, ಕನ್ನಡದಲ್ಲಿ ವಿವರ ಕೊಡುವ ಅಂಗಡಿಗೆ ವಿಜಯನಗರ, ಕೆಂಗೇರಿ ಉಪನಗರದಂಥ ಕಡೆ ಜಾಗವಿದೆಯೆಂದು ನನಗೆ ಖಾತ್ರಿಯಿದೆ.

ಬೆಲೆ ತಿಳಿಯುವುದು ಹೇಗೆ? ಮೊಬೈಲಿನಲ್ಲಿ ಕಾಣುವ ‘ಈ ನಾಣ್ಯಕ್ಕೆ ಐದು ಲಕ್ಷ’ ವಿಡಿಯೋಗಳಿಂದ ಖಂಡಿತ ಅಲ್ಲ. ಹರಾಜು ಸಂಸ್ಥೆಗಳ ಹಳೆಯ ಕ್ಯಾಟಲಾಗುಗಳನ್ನು ತೆಗೆದು, ನಾಣ್ಯ ನಿಜಕ್ಕೂ ಎಷ್ಟಕ್ಕೆ ಹೋಯಿತು ಎಂಬುದನ್ನು ನೋಡಿ. ಬೆಂಗಳೂರಿನಲ್ಲೇ ಮರುಧರ್ ಆರ್ಟ್ಸ್ ಇದೆ, ಮುಂಬೈಯಲ್ಲಿ ತೋಡಿವಾಲಾ, ಓಸ್ವಾಲ್, ಅಹಮದಾಬಾದಿನಲ್ಲಿ ಕ್ಲಾಸಿಕಲ್ ನ್ಯೂಮಿಸ್ಮಾಟಿಕ್ ಗ್ಯಾಲರಿ ಇವೆ. ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಪ್ರದರ್ಶನ ನಡೆದಾಗ ಹೋಗಿ ಮೇಜಿನಿಂದ ಮೇಜಿಗೆ ಸುತ್ತಿ. ಕೊಳ್ಳುವ ಅವಸರ ಬೇಡ. ಹಳೆಯ ಡೀಲರುಗಳು ನಾಣ್ಯವನ್ನು ಎತ್ತುವ ರೀತಿಯನ್ನೇ ನೋಡಿ: ಮುಖ ಮುಟ್ಟದೆ ಅಂಚು ಹಿಡಿಯುತ್ತಾರೆ, ಮೊದಲು ಅಂಚನ್ನೇ ನೋಡುತ್ತಾರೆ. ಎರಕ ಹೊಯ್ದ ನಕಲಿಯಲ್ಲಿ ಎರಡು ಅಚ್ಚು ಕೂಡಿದ ಗೆರೆ ಅಲ್ಲೇ ಸಿಗುತ್ತದೆ. ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಕ್ಷರದ ಅಂಚುಗಳು ಮಂಕಾಗಿರುವುದು, ತೂಕದಲ್ಲಿ ಏರುಪೇರು ಇವೂ ಗುರುತುಗಳು. ವಿಕ್ಟೋರಿಯಾ ರೂಪಾಯಿ 11.66 ಗ್ರಾಂ ಇರಬೇಕು. ಸವೆದಿದ್ದರೆ ಸ್ವಲ್ಪ ಕಡಿಮೆ ಬರಬಹುದು, ಹತ್ತೇ ಗ್ರಾಂ ಬಂದರೆ ಪಕ್ಕಕ್ಕಿಡಿ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ತಕ್ಕಡಿ ನಿಮ್ಮ ಮೊದಲ ಖರ್ಚಾಗಲಿ.

ದಯವಿಟ್ಟು ಯಾವ ನಾಣ್ಯವನ್ನೂ ತೊಳೆಯಬೇಡಿ. ಹುಣಸೆಹಣ್ಣು, ನಿಂಬೆರಸ, ಪೀತಾಂಬರಿ ಪುಡಿ ಇವು ಪೂಜೆ ಪಾತ್ರೆಗೆ ಸರಿ. ತಾಮ್ರದ ಕಾಸಿನ ಮೇಲೆ ಇನ್ನೂರು ವರ್ಷದಲ್ಲಿ ಕಟ್ಟಿದ ಕಂದು, ಹಸಿರು ಪದರವೇ ಅದರ ರಕ್ಷೆ, ಸಂಗ್ರಾಹಕ ಬೆಲೆ ಕೊಡುವುದೂ ಅದಕ್ಕೆ. ಉಜ್ಜಿ ಹೊಳಪಿಸಿದ ಆನೆ ಕಾಸು ಅರ್ಧ ಬೆಲೆಗೂ ಹೋಗುವುದಿಲ್ಲ. ಪುಡಿಪುಡಿಯಾಗಿ ಉದುರುವ ತೆಳು ಹಸಿರು ಕಂಡರೆ ಮಾತ್ರ ಆ ನಾಣ್ಯವನ್ನು ಬೇರೆಯವುಗಳಿಂದ ದೂರವಿಟ್ಟು ತಿಳಿದವರಿಗೆ ತೋರಿಸಿ. ಅದು ತಾಮ್ರಕ್ಕೆ ಹತ್ತುವ ರೋಗ, ಒಣ ಜಾಗದಲ್ಲಿ ಇಡದಿದ್ದರೆ ಬೆಳೆಯುತ್ತದೆ.

ಇನ್ನು ಮಾಲು. ಭಾನುವಾರ ಬೆಳಿಗ್ಗೆ ಪೇಟೆಯ ಸಂಡೇ ಬಜಾರಿಗೆ ಹೋಗುವ ಆಸೆ ನಿಮಗೂ ಇರುತ್ತದೆ. ಹೋಗಿ, ನೋಡಿ, ಮಾತಾಡಿಸಿ. ಆದರೆ ಅಲ್ಲಿ ಬರೀ ಬಾಯಿಮಾತಿನ ವ್ಯವಹಾರ, ರಸೀದಿ ಸಿಗುವುದಿಲ್ಲ. ನಾಳೆ ನಿಮ್ಮ ರಿಜಿಸ್ಟರಿನಲ್ಲಿ ‘ಎಲ್ಲಿಂದ ಬಂತು’ ಎಂಬ ಕಾಲಮ್ಮಿಗೆ ಏನು ಬರೆಯುತ್ತೀರಿ? ಅಲ್ಲಿ ರಾಶಿ ಬಿದ್ದಿರುವ ರಾಮ ದರ್ಬಾರಿನ ‘ಈಸ್ಟ್ ಇಂಡಿಯಾ ಕಂಪನಿ 1818’ ಬಿಲ್ಲೆಗಳನ್ನು ಮುಟ್ಟಲೇಬೇಡಿ. ಕಂಪನಿ ಅಂಥ ನಾಣ್ಯವನ್ನು ಅಚ್ಚೇ ಹಾಕಿಸಲಿಲ್ಲ. ಇದೇ ಬಿಲ್ಲೆಗೆ ಅಕ್ಕಿ ಎಳೆಯುವ ಶಕ್ತಿಯಿದೆ ಎಂದು ನಂಬಿಸಿ ಲಕ್ಷಗಟ್ಟಲೆ ದೋಚಿದ ‘ರೈಸ್ ಪುಲ್ಲಿಂಗ್’ ಗುಂಪುಗಳನ್ನು ಬೆಂಗಳೂರು ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ನಿಮ್ಮ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅಂಥದೊಂದು ಬಿಲ್ಲೆ ಇದ್ದರೂ ತಿಳಿದ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ.

ನಿಜವಾದ ಮಾಲು ಇರುವುದು ನಿಮ್ಮ ಸುತ್ತಲಿನ ಮನೆಗಳಲ್ಲಿ. ರಾಜಾಜಿನಗರದ ಬ್ಲಾಕುಗಳಲ್ಲಿ ಹಳೆಯ ಮನೆಗಳು ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಅಣ್ಣತಮ್ಮಂದಿರು ಪಾಲಾಗುವಾಗ ಅಜ್ಜಿಯ ಕಬ್ಬಿಣದ ಪೆಟ್ಟಿಗೆ ತೆರೆಯುತ್ತಾರೆ. ಅದರಲ್ಲಿರುವ ನಾಣ್ಯಗಳ ಬಗ್ಗೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಒಬ್ಬರು ಅವು ಕೋಟಿ ಬಾಳುತ್ತವೆ ಎಂದುಕೊಂಡರೆ, ಇನ್ನೊಬ್ಬರು ನಗರ್ತಪೇಟೆಗೆ ಒಯ್ದು ಬೆಳ್ಳಿಯ ತೂಕಕ್ಕೆ ಹಾಕೋಣ ಎನ್ನುತ್ತಾರೆ. ಇಲ್ಲಿ ನಿಮಗೊಂದು ಕೆಲಸವಿದೆ, ಸಣ್ಣ ವ್ಯವಹಾರವಾಗಿ ನಾನು ಅತಿ ಹೆಚ್ಚು ನೆಚ್ಚುವುದು ಅದನ್ನೇ. ಮನೆಗೆ ಹೋಗಿ, ಪ್ರತಿ ನಾಣ್ಯವನ್ನು ತೂಗಿ, ಎರಡೂ ಬದಿಯ ಫೋಟೋ ತೆಗೆದು, ಯಾವ ಕಾಲದ್ದು, ಯಾವ ಟಂಕಸಾಲೆ, ಈಚಿನ ಹರಾಜಿನಲ್ಲಿ ಅಂಥದು ಎಷ್ಟಕ್ಕೆ ಹೋಗಿದೆ ಎಂದು ಪಟ್ಟಿ ಮಾಡಿಕೊಡಿ. ಅದಕ್ಕೆ ದಿನದ ಲೆಕ್ಕದಲ್ಲೋ ನಾಣ್ಯದ ಲೆಕ್ಕದಲ್ಲೋ ಶುಲ್ಕ ತೆಗೆದುಕೊಳ್ಳಿ. ಪಟ್ಟಿ ಮಾಡಿದವರೇ ಆ ನಾಣ್ಯಗಳನ್ನು ಕೊಳ್ಳಬಾರದು ಎಂಬ ನೇಮ ಇಟ್ಟುಕೊಳ್ಳಿ. ಮಾರುವುದಾದರೆ ಲೈಸೆನ್ಸ್ ಇರುವ ಹರಾಜು ಸಂಸ್ಥೆಗೆ ದಾರಿ ತೋರಿಸಿ. ಈ ಕೆಲಸಕ್ಕೆ ಮಳಿಗೆ ಬೇಡ, ಮುಂಗಡ ಬೇಡ, ದೊಡ್ಡ ದಾಸ್ತಾನೂ ಬೇಡ. ಶನಿವಾರ, ಭಾನುವಾರ ಸಾಕು. ಒಂದು ಮನೆಯವರು ಮೆಚ್ಚಿದರೆ ಅವರ ಬೀಗರ ಮನೆಯಿಂದ ಫೋನ್ ಬರುತ್ತದೆ. ಮುಂದೆ ಲೈಸೆನ್ಸಿಗೆ ಅರ್ಜಿ ಹಾಕುವಾಗ ಅನುಭವವೆಂದು ತೋರಿಸಲೂ ಈ ಪಟ್ಟಿಗಳು ಕೈಯಲ್ಲಿರುತ್ತವೆ.

ತೆರಿಗೆ ವಿಷಯ ಚಿಕ್ಕದಾಗಿ ಹೇಳುತ್ತೇನೆ, ನಿಮಗೆ ಇದು ಗೊತ್ತಿರುವ ಲೋಕ. ಬೇರೆ ರಾಜ್ಯಕ್ಕೆ ಮಾಲು ಕಳಿಸುವುದಾದರೆ ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಹಳೆಯ ವಸ್ತುಗಳನ್ನು ಕೊಂಡು ಮಾರುವವರಿಗೆ ಲಾಭದ ಅಂಚಿನ ಮೇಲಷ್ಟೇ ತೆರಿಗೆ ಕಟ್ಟುವ ಅವಕಾಶವಿದೆ, ನಿಮ್ಮ ಮಾಲಿಗೆ ಅದು ಅನ್ವಯಿಸುವುದೇ ಎಂದು ಆಡಿಟರನ್ನು ಕೇಳಿ. ಆದಾಯ ತೆರಿಗೆಯಲ್ಲಿ ಪುರಾತತ್ವ ಸಂಗ್ರಹವನ್ನು ಮನೆಬಳಕೆಯ ವಸ್ತುವೆಂದು ಬಿಡುವುದಿಲ್ಲ, ಮಾರಿದರೆ ಬಂಡವಾಳ ಲಾಭದ ಲೆಕ್ಕ ಬರುತ್ತದೆ.

ಮೊಬೈಲ್ ವ್ಯಾಪಾರದಲ್ಲಿ ಮೋಸ ಎರಡೂ ಕಡೆಯಿಂದ ಬರುತ್ತದೆ. ‘ನಿಮ್ಮ ನಾಣ್ಯ ರಿಸರ್ವ್ ಬ್ಯಾಂಕೇ ಕೊಳ್ಳುತ್ತದೆ, ಮೊದಲು ಕಮಿಷನ್ ಕಟ್ಟಿ’ ಎಂದು ಕರೆ ಬಂದರೆ ಫೋನ್ ಇಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆಯನ್ನೇ ಹೊರಡಿಸಿತು.

ಮನೆಯವರು ಬೇಡ ಅನ್ನುತ್ತಿರುವುದರಲ್ಲಿ ಅರ್ಥವಿದೆ. ಅವರ ಭಯ ಬಹುಶಃ ನಾಣ್ಯದ ಬಗ್ಗೆಯಲ್ಲ, ಸಂಬಳದ ಬಗ್ಗೆ. ಹಳೇ ನಾಣ್ಯದಲ್ಲಿ ಹಣ ಹಾಕಿದರೆ ಅದು ಎಷ್ಟು ದಿನಕ್ಕೆ ಮರಳುತ್ತದೆಂದು ಹೇಳಲಾಗದು. ಒಂದು ವಾರದಲ್ಲೂ ಹೋಗಬಹುದು, ಮೂರು ವರ್ಷ ಪೆಟ್ಟಿಗೆಯಲ್ಲೇ ಕೂರಬಹುದು. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಕಟ್ಟಲೇಬೇಕು. ನನ್ನ ಮಾತು ಕೇಳುವುದಾದರೆ ಡಾ. ರಾಜ್‌ಕುಮಾರ್ ರಸ್ತೆಯ ಮಳಿಗೆಯ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಮನೆಯಲ್ಲೇ ಒಂದು ಬೀರು, ಒಂದು ಮೇಜು, ಒಳ್ಳೆಯ ದೀಪ ಸಾಕು. ಸಂಬಳದಿಂದ ಎಷ್ಟು ಹಣ ಇದಕ್ಕೆ ಎಂದು ಮನೆಯವರ ಜೊತೆ ಕೂತು ನಿಗದಿ ಮಾಡಿ, ಆ ಗೆರೆ ದಾಟಬೇಡಿ. ಹಾಗೆಯೇ ನಿಮ್ಮ ಸಂಗ್ರಹವನ್ನೂ ಮಾರಾಟದ ಮಾಲನ್ನೂ ಬೇರೆ ಬೇರೆ ಬೀರುವಿನಲ್ಲಿ, ಬೇರೆ ಬೇರೆ ಪುಸ್ತಕದಲ್ಲಿ ಇಡಿ. ಸಂಗ್ರಾಹಕ ವ್ಯಾಪಾರಿಯಾದಾಗ ಎಡವುವುದು ಇಲ್ಲೇ: ಒಳ್ಳೆಯದು ಬಂದಾಗ ತನಗೇ ಇಟ್ಟುಕೊಳ್ಳುತ್ತಾನೆ, ಗಿರಾಕಿಗೆ ಉಳಿದದ್ದು ಸಿಗುತ್ತದೆ. ಗಿರಾಕಿಗೆ ಅದು ಬಹಳ ಬೇಗ ಗೊತ್ತಾಗುತ್ತದೆ.

ತಾತನ ಡಬ್ಬಿಯನ್ನು ಮಾತ್ರ ಮಾರಬೇಡಿ. ಅದರಲ್ಲಿರುವ ಒಂದೊಂದು ನಾಣ್ಯವನ್ನೂ ತೂಗಿ, ಓದಿ, ಪಟ್ಟಿ ಮಾಡಿ. ತಾತ ಯಾವ ಊರಿನವರು, ಡಬ್ಬಿ ಅವರ ಕೈಗೆ ಹೇಗೆ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ಅದರಲ್ಲೇ ಬರೆದಿಡಿ. ಆ ಪಟ್ಟಿ ಮುಗಿದ ಮೇಲೆ ಒಂದು ಪ್ರತಿ ತೆಗೆದುಕೊಂಡು ಕೋರಮಂಗಲದ ಕಚೇರಿಗೆ ಹೋಗಿ ಲೈಸೆನ್ಸಿನ ಅರ್ಜಿ ನಮೂನೆ ಕೇಳಿ.